ಕೀಲಿಯವರ ಮನೆಯಲ್ಲಿ ಎಷ್ಟು ಜನ

ಟೀವಿ ಆ ಪ್ರಶ್ನೆ ಕೇಳಿದಾಗ ನಮ್ಮ ಯಜಮಾನರು ಒಂದು ಕಾಲಿಗೆ ಸಾಕ್ಸ್ ಹಾಕಿ ಮುಗಿಸಿದ್ದರು, ಇನ್ನೊಂದು ಸಾಕ್ಸ್ ಕೈಯಲ್ಲಿತ್ತು. ಅಂಗಡಿಗೆ ಹೊರಡುವ ಮುಂಚೆ ಟೀವಿ ಹಾಕಿ ಸ್ವಲ್ಪ ಹೊತ್ತು ಅದರ ಮುಂದೆ ಕೂರುವುದು ಅವರ ರೂಢಿ. ಕೂತು ಏನನ್ನೂ ನೋಡುವುದಿಲ್ಲ. ಯಾಕೆ ಕೂರುತ್ತಾರೆ ಅನ್ನುವುದನ್ನು ಆಮೇಲೆ ಹೇಳುತ್ತೇನೆ. ಅವತ್ತು ಪರದೆಯ ತುಂಬ ಕಪ್ಪು, ಅದರ ಮೇಲೆ ದಪ್ಪ ಬಿಳಿ ಅಕ್ಷರ: ‘ನಾನು’ ಎಂಬ ಹೆಸರಿನಲ್ಲಿ ನೋಡುತ್ತಿರುವವರು ನಿಮ್ಮ ಮನೆಯವರೇ? ಕೆಳಗೆ ಮೂರು ಗುಂಡಿ. ಹೌದು. ಅಲ್ಲ. ಆಮೇಲೆ ಕೇಳಿ.

“ಇದೇನೇ ಇದು?” ಎಂದರು.

ನಾನು ಅಡುಗೆಮನೆಯಿಂದ ಕೈ ಒರೆಸಿಕೊಂಡು ಬಂದು ಓದಿದೆ. ಇನ್ನೊಂದು ಸಲ ಓದಿದೆ. ನನಗೂ ತಲೆ ಬುಡ ತಿಳಿಯಲಿಲ್ಲ. ನಾವು ಟೀವಿ ತಂದದ್ದು ಅದು ನಮಗೆ ಕಥೆ ಹೇಳಲಿ ಅಂತ, ಅದು ನಮ್ಮ ಮನೆಯ ಕಥೆ ವಿಚಾರಿಸಲಿ ಅಂತ ಅಲ್ಲ.

“ಯಾವುದೋ ಒಂದು ಒತ್ತಿ ಏಳ್ರೀ, ಹೊತ್ತಾಯ್ತು.”

“ಯಾವುದನ್ನ ಒತ್ತಲಿ?”

ರಿಮೋಟ್ ಹಿಡಿದ ಕೈ ಮೇಲೆ ಹೋಯಿತು, ಕೆಳಗೆ ಬಂತು. ಕೊನೆಗೆ ‘ಆಮೇಲೆ ಕೇಳಿ’ ಒತ್ತಿ, ಇನ್ನೊಂದು ಸಾಕ್ಸನ್ನು ಜೇಬಿಗೆ ತುರುಕಿಕೊಂಡು ಬರಿಗಾಲಿಗೇ ಶೂ ಹಾಕಿ ಹೊರಟುಹೋದರು.

ನಮ್ಮವರ ಕಸುಬು ಕೀಲಿ ಮಾಡುವುದು. ಬೀದಿಯಲ್ಲಿ ಯಾರೂ ಅವರ ಹೆಸರು ಹಿಡಿದು ಕರೆಯುವುದಿಲ್ಲ, ಕೀಲಿಯವರು ಅಂದರೆ ಮುಗಿಯಿತು. ನಾನು ಕೀಲಿಯವರ ಮನೆಯವಳು. ಅಂಗಡಿ ಇರುವುದು ಒಂದು ದೊಡ್ಡ ಕಟ್ಟಡದ ಮೆಟ್ಟಿಲ ಕೆಳಗೆ. ನಿಂತರೆ ತಲೆ ತಗ್ಗಿಸಬೇಕು, ಕೂತರೆ ಮೊಣಕಾಲು ಮಡಚಬೇಕು, ಅಷ್ಟೇ ಜಾಗ. ಗೋಡೆಯ ತುಂಬ ಮೊಳೆ, ಮೊಳೆಯ ತುಂಬ ಇನ್ನೂ ಹಲ್ಲು ಕೊರೆಯದ ಖಾಲಿ ಕೀಲಿಗಳು. ಒಂದು ಕೊರೆಯುವ ಯಂತ್ರ, ಹಲ್ಲು ಉಜ್ಜಿ ಸರಿಮಾಡುವ ಒಂದಿಷ್ಟು ಅರ, ಎಣ್ಣೆ ಡಬ್ಬಿ, ಮೇಲೆ ಸದಾ ಯಾರೋ ಹತ್ತಿ ಇಳಿಯುವ ಚಪ್ಪಲಿ ಸದ್ದು. ಸಂಜೆ ಮನೆಗೆ ಬಂದರೆ ಅಂಗಿಯ ತುಂಬ ಹಿತ್ತಾಳೆ ಪುಡಿ. ಒಗೆದ ನೀರಿನ ತಳದಲ್ಲಿ ಅದು ಮಿಣಮಿಣ ಅನ್ನುತ್ತದೆ. ನನ್ನ ಗಂಡ ನನಗೆ ಕೊಡಿಸಿದ ಬಂಗಾರ ಇಷ್ಟೇ ಕಣ್ರೀ ಅಂತ ಅಕ್ಕಪಕ್ಕದವರಿಗೆ ಎಷ್ಟೋ ಸಲ ತೋರಿಸಿದ್ದೇನೆ. ಅವರು ಅದಕ್ಕೂ ನಗುವುದಿಲ್ಲ. ಬಂಗಾರ ಅಲ್ಲ ಕಣೇ ಅದು, ಹಿತ್ತಾಳೆ ಅನ್ನುತ್ತಾರೆ. ಅಂಥ ಮನುಷ್ಯ.

ಈ ಕಸುಬನ್ನು ಅವರಿಗೆ ಕಲಿಸಿದ್ದು ಮಾವನವರು. ಕಲಿಸುವಾಗ ಒಂದು ಕಟ್ಟಳೆ ಹಾಕಿದ್ದರು: ಕೀಲಿ ಕೇಳುವವನು ಎದುರಿಗೆ ಬಂದು ನಿಲ್ಲಬೇಕು, ಬೀಗ ಅವನ ಮನೆಯದಾಗಿರಬೇಕು. ಮೂರನೆಯವರ ಕೈಯಲ್ಲಿ ಕಳಿಸಿದ ಕೀಲಿಗೆ ಜೋಡಿ ಮಾಡಬಾರದು. ನಮ್ಮವರು ಇದನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಾರೆಂದರೆ, ಒಮ್ಮೆ ನಾನೇ ನಮ್ಮ ಹಿತ್ತಲ ಬಾಗಿಲ ಕೀಲಿ ಒಯ್ದು ಇನ್ನೊಂದು ಮಾಡಿಕೊಡಿ ಅಂದಾಗ, ಇದು ಯಾವ ಬಾಗಿಲದ್ದು ಅಂತ ಕೇಳಿದರು. ನಾನು ಅಲ್ಲೇ ನಾಲ್ಕು ಜನರೆದುರು ಬೈದೆ. ಬೈಸಿಕೊಂಡು, ಹಿತ್ತಲ ಬಾಗಿಲದ್ದು ಅಂತ ನನ್ನ ಬಾಯಲ್ಲಿ ಹೇಳಿಸಿಕೊಂಡ ಮೇಲೆಯೇ ಯಂತ್ರ ಹಾಕಿದ್ದು.

ಮಾವನವರು ಇನ್ನೊಬ್ಬ ಮಗನಿಗೂ ಇದೇ ಕಲಿಸಿದ್ದರು. ನನ್ನ ಮೈದುನ. ಇವರು ನಿಧಾನ, ಅವನು ಬಾಣ. ಇವರು ಒಂದು ಹಲ್ಲು ಕೊರೆಯುವ ಹೊತ್ತಿಗೆ ಅವನು ಇಡೀ ಕೀಲಿ ಮುಗಿಸಿ, ಗಿರಾಕಿಯ ಮನೆ ಸುದ್ದಿಯನ್ನೂ ಕೇಳಿ ತಿಳಿದಿರುತ್ತಿದ್ದ. ಅಣ್ಣತಮ್ಮ ಇಬ್ಬರೂ ಆ ಮೆಟ್ಟಿಲ ಕೆಳಗೇ ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಕೂತು ಕೆಲಸ ಮಾಡುತ್ತಿದ್ದರು. ಮೈದುನ ಮದುವೆಯಾದ ಮೇಲೆ ನಮ್ಮ ಮೇಲಿನ ಮನೆಯಲ್ಲೇ ಸಂಸಾರ ಹೂಡಿದ್ದ. ಟೀವಿಗೆ ಈ ಸಿನಿಮಾ ಆ್ಯಪ್ ಹಾಕಿಕೊಟ್ಟವನೂ ಅವನೇ. ಅಣ್ಣನ ಫೋನ್ ನಂಬರ್ ಕೊಟ್ಟು, ಯಾರು ಯಾರು ನೋಡುತ್ತಾರೆ ಅಂತ ಮೂರು ಹೆಸರು ಹಾಕಿದ: ಅಣ್ಣ, ಅತ್ತಿಗೆ, ನಾನು. ತನಗೆ ತಾನು ನಾನು ತಾನೇ. ಮೊದಲ ದಿನ ನಮ್ಮವರು ಟೀವಿ ಹಾಕಿ ‘ನಾನು’ ಅಂತ ಇದ್ದದ್ದನ್ನು ಒತ್ತಿ, ತಮ್ಮ ನೋಡುವ ಮೊಸಳೆ ಚಿತ್ರಗಳನ್ನೆಲ್ಲ ನೋಡಿಕೊಂಡು ಕೂತಿದ್ದರು. ಅವನು ಮೇಲಿಂದ ಇಳಿದುಬಂದು ಹೊಟ್ಟೆ ಹಿಡಿದುಕೊಂಡು ನಕ್ಕ.

ಆಮೇಲೆ ಜಗಳವಾಯಿತು. ಯಾರೋ ಒಬ್ಬ ಫೋನಿನಲ್ಲಿ ಕೀಲಿಯ ಫೋಟೋ ಕಳಿಸಿ, ಅರ್ಜೆಂಟು ಬೇಕು ಅಂದ. ಮೈದುನ ಫೋಟೋ ನೋಡಿಯೇ ಕೀಲಿ ಮಾಡಿ ಕೊಟ್ಟುಬಿಟ್ಟ. ಹೆಮ್ಮೆ ಅವನಿಗೆ, ಫೋಟೋ ನೋಡಿ ಮಾಡುವ ಕೈ ಬೇರೆ ಯಾರಿಗಿದೆ ಅಂತ. ಕೀಲಿ ತೆಗೆದುಕೊಂಡವನು ಮನೆ ಖಾಲಿ ಮಾಡಿ ಹೋಗಿದ್ದ ಹಳೇ ಬಾಡಿಗೆದಾರ. ಮನೆಯ ಮಾಲೀಕರು ಊರಲ್ಲಿಲ್ಲದಾಗ ಒಳಗೆ ನುಗ್ಗಿ, ತಾನು ಬಿಟ್ಟುಹೋಗಿದ್ದ ಪರದೆ ಬಟ್ಟೆಗಳನ್ನು ಬಿಚ್ಚಿಕೊಂಡು ಹೋಗಿದ್ದ. ಪರದೆ! ಅದೂ ಅವನದೇ ಪರದೆ. ಇದಕ್ಕೆ ಕಳ್ಳತನ ಅನ್ನಬೇಕೋ ಏನನ್ನಬೇಕೋ ಯಾರಿಗೂ ಗೊತ್ತಾಗಲಿಲ್ಲ. ಆದರೆ ಮಾಲೀಕರು ಮೆಟ್ಟಿಲ ಹತ್ತಿರ ಬಂದು ಕಟ್ಟಡ ಹಾರಿಹೋಗುವ ಹಾಗೆ ಕೂಗಾಡಿದರು. ನಮ್ಮವರು ಜೀವಮಾನದಲ್ಲಿ ದನಿ ಎತ್ತದವರು, ಅವತ್ತು ಎತ್ತಿದರು. ಗಿರಾಕಿಗಳೆದುರೇ ತಮ್ಮನಿಗೆ ಅಂದರು, “ಅಪ್ಪನ ಮಾತು ಮೀರಿದ ಮೇಲೆ ನೀನು ನಮ್ಮನೆಯವನೇ ಅಲ್ಲ.”

ಮೈದುನ ತನ್ನ ಅರ ಕೂಡ ತೆಗೆದುಕೊಳ್ಳದೆ ಎದ್ದುಹೋದ. ಊರಿನ ಆ ತುದಿಯಲ್ಲಿ, ಹೆಂಡತಿಯ ತಾಯಿಯ ಮನೆ ಪಕ್ಕ, ನಂಬರ್ ಒತ್ತಿದರೆ ತೆರೆದುಕೊಳ್ಳುವ ಬೀಗಗಳ ಅಂಗಡಿ ಹಾಕಿದ. ಕೀಲಿಯೇ ಬೇಡದ ಬೀಗ. ಯಾರನ್ನು ಚುಚ್ಚಲು ಆ ವ್ಯಾಪಾರ ಹಿಡಿದ ಅನ್ನುವುದು ನನಗೆ ಗೊತ್ತಿತ್ತು, ನಮ್ಮವರಿಗೂ ಗೊತ್ತಿತ್ತು. ಮೇಲಿನ ಮನೆಗೆ ಬೇರೆ ಬಾಡಿಗೆಯವನು ಬಂದ. ಮಾತುಕತೆ ನಿಂತುಹೋಯಿತು. ನಾನು ಎಷ್ಟೋ ಸಲ ಫೋನ್ ಕೈಗೆ ತೆಗೆದುಕೊಂಡು, ಇವರ ಮುಖ ನೋಡಿ ಇಟ್ಟುಬಿಟ್ಟಿದ್ದೇನೆ.

ಆದರೆ ಟೀವಿಯಲ್ಲಿ ‘ನಾನು’ ಉಳಿದುಕೊಂಡಿತು. ಇವರಿಗೆ ಅದನ್ನು ತೆಗೆಯಲು ಬರುತ್ತಿರಲಿಲ್ಲ, ಅವನು ತೆಗೆಯಲಿಲ್ಲ. ದಿನಾ ಬೆಳಿಗ್ಗೆ ಇವರು ಅದನ್ನು ಒತ್ತಿ ನಿನ್ನೆ ಅವನೇನು ನೋಡಿದ ಅಂತ ನೋಡುತ್ತಿದ್ದರು. ಸಾಕ್ಸ್ ಹಾಕುವ ಹೊತ್ತು ಅದಕ್ಕೇ. ನಗೆ ನಾಟಕವಿದ್ದರೆ ಇವರ ಮುಖ ಸಡಿಲವಾಗುತ್ತಿತ್ತು. ಮೊಸಳೆ ಇದ್ದರೆ ಇನ್ನೂ ಖುಷಿ, ಹುಡುಗ ಬದಲಾಗಿಲ್ಲ ಅಂತ. ಎರಡು ದಿನ ಏನೂ ನೋಡದಿದ್ದರೆ ಇವರಿಗೆ ಊಟ ಸೇರುತ್ತಿರಲಿಲ್ಲ. ಒಮ್ಮೆ ಸಾಲಾಗಿ ಕೇಕ್ ಮಾಡುವ ಸ್ಪರ್ಧೆಗಳು ಕಾಣಿಸಿಕೊಂಡವು. ಇವರು ಗಾಬರಿ. “ಇವನ್ಯಾಕೆ ಕೇಕ್ ನೋಡ್ತಿದಾನೆ? ಅಂಗಡಿ ಮುಚ್ಚಿ ಬೇಕರಿ ಇಟ್ನೇನೇ?”

“ಫೋನ್ ಮಾಡಿ ಕೇಳ್ರೀ.”

“ನಾನ್ಯಾಕೆ ಕೇಳ್ಲಿ? ಅವನು ಕೇಕ್ ನೋಡಿದ್ರೆ ನಂಗೇನು?” ಅಂದು ಮತ್ತೆ ಆ ಕೇಕನ್ನೇ ನೋಡುತ್ತ ಕೂತರು.

ಇಂಥ ಮನುಷ್ಯನ ಮುಂದೆ ಟೀವಿ ಬಂದು, ಅವನು ನಿಮ್ಮ ಮನೆಯವನೇ ಅಂತ ಕೇಳಿದರೆ ಹೇಗಿರಬೇಡ. ‘ಅಲ್ಲ’ ಒತ್ತಿದರೆ ಆ ಹೆಸರು ಹೋಗುತ್ತದೆ, ತಮ್ಮನ ಕುರುಹು ಅಂತ ನಮ್ಮ ಮನೆಯಲ್ಲಿ ಬೇರೇನೂ ಉಳಿಯುವುದಿಲ್ಲ. ‘ಹೌದು’ ಒತ್ತೋಣವೆಂದರೆ ಅವನು ಇಲ್ಲಿ ವಾಸ ಇಲ್ಲ, ಸುಳ್ಳಾಗುತ್ತದೆ. ಸುಳ್ಳು ಹೇಳಿದರೆ ಏನ್ರೀ, ಟೀವಿ ತಾನೇ ಅಂದೆ. ಕೇಳುವವರಲ್ಲ. ಹೀಗೆ ದಿನಾ ಅದು ಕೇಳುವುದು, ದಿನಾ ಇವರು ‘ಆಮೇಲೆ ಕೇಳಿ’ ಒತ್ತುವುದು. ಕೆಲವು ವಾರ ಹೀಗೇ ಸಾಗಿತು. ಒಂದು ಬೆಳಿಗ್ಗೆ ನೋಡಿದರೆ ‘ಆಮೇಲೆ ಕೇಳಿ’ ಗುಂಡಿಯೇ ಇಲ್ಲ. ಕಂಪನಿಯವರು ಕೇಳಿ ಕೇಳಿ ಬೇಸತ್ತಿರಬೇಕು.

ಇವರು ಎದ್ದು ಟೀವಿಯ ಪ್ಲಗ್ಗನ್ನೇ ಕಿತ್ತುಬಿಟ್ಟರು.

ಎರಡು ದಿನ ಕಳೆದು ಸಂಜೆ ಅವರ ಫೋನಿಗೆ ಒಂದು ಮೆಸೇಜು ಬಂತು. ನಿಮ್ಮ ಮನೆಯಲ್ಲದ ಕಡೆ ಒಂದು ಟೀವಿ ನಿಮ್ಮ ಖಾತೆ ಉಪಯೋಗಿಸಲು ಕೋಡ್ ಕೇಳುತ್ತಿದೆ, ಕೋಡ್ ಇದು, ಕಾಲು ಗಂಟೆ ಮಾತ್ರ ನಡೆಯುತ್ತದೆ, ಇದನ್ನು ಬೇರೆ ಯಾರಿಗೂ ಕೊಡಬೇಡಿ. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಯಾರಿಗೂ ಕೊಡಬಾರದಾದರೆ ಕಳಿಸಿದ್ದು ಯಾಕೆ? ನಮ್ಮ ಹತ್ತಿರ ಇಟ್ಟುಕೊಂಡು ನಾವೇನು ಮಾಡಬೇಕು? ಅಷ್ಟರಲ್ಲಿ ನನ್ನ ಫೋನ್ ಹೊಡೆದುಕೊಂಡಿತು. ಗೊತ್ತಿಲ್ಲದ ನಂಬರು. ಎತ್ತಿದೆ.

ಆ ಕಡೆ ಮೈದುನನ ಅತ್ತೆ. ಮದುವೆಯಲ್ಲಿ ನೋಡಿದ್ದು ಬಿಟ್ಟರೆ ನಾನು ಆಕೆಯ ಹತ್ತಿರ ಮಾತಾಡಿದವಳೇ ಅಲ್ಲ. ಆಕೆ ಯಾವ ಪೀಠಿಕೆಯನ್ನೂ ಹಾಕಲಿಲ್ಲ. “ಏನಮ್ಮಾ, ನಿಮ್ಮೆಜಮಾನ್ರ ಫೋನಿಗೆ ಒಂದು ಕೋಡ್ ಬಂದಿದೆಯಂತೆ, ಹೇಳ್ತೀಯಾ? ಫೈನಲ್ ನೋಡ್ತಿದ್ದೆ, ಅರ್ಧಕ್ಕೇ ನಿಂತೋಯ್ತು.”

ನಾನು ಫೋನಿಗೆ ಕೈ ಅಡ್ಡ ಹಿಡಿದು ಇವರಿಗೆ ಹೇಳಿದೆ. ಇವರ ಮುಖ ಒಮ್ಮೆ ಅರಳಿತು, ಮರುಕ್ಷಣ ಗಂಟುಹಾಕಿಕೊಂಡಿತು. “ಕೇಳೋನು ಎದುರಿಗೆ ಬರ್ಬೇಕು” ಅಂದರು.

“ಏನ್ರೀ?”

“ಮೂರನೆಯವರ ಕೈಲಿ ಕೊಡಲ್ಲ. ಯಾರ ಟೀವಿಯೋ ಅವನು ಬಂದು ಎದುರಿಗೆ ನಿಂತು ಕೇಳ್ಲಿ.”

“ಅದು ಕೀಲಿ ಅಲ್ರೀ, ಆರು ಅಂಕಿ! ಅಲ್ಲಿಂದ ಇಲ್ಲಿಗೆ ಬಸ್ಸಲ್ಲಿ ಗಂಟೆ ಮೇಲಾಗುತ್ತೆ, ಇದು ಇರೋದೇ ಕಾಲು ಗಂಟೆ. ಅವನು ಹಾರ್ಕೊಂಡು ಬರ್ಬೇಕಾ?”

“ಬಾಗಿಲು ತೆಗೆಯೋದು ಯಾವುದಿದ್ರೂ ಅದು ಕೀಲಿನೇ” ಅಂದರು. ನನ್ನ ಸಿಟ್ಟು ನೆತ್ತಿಗೇರಿತು. ಇವರ ಕೈಯಿಂದ ಇವರ ಫೋನ್ ಕಿತ್ತುಕೊಂಡು ನಾನೇ ಹೇಳಿಬಿಡೋಣವೆಂದರೆ ಇವರು ಅದನ್ನು ಎದೆಗೆ ಅವುಚಿಕೊಂಡು ಕೋಣೆಯಿಂದ ಕೋಣೆಗೆ ಓಡುತ್ತಿದ್ದಾರೆ, ಆ ಕಡೆ ಅತ್ತೆ ಹಲೋ ಹಲೋ ಅನ್ನುತ್ತಿದ್ದಾರೆ. ಕಾಲು ಗಂಟೆ ಮುಗಿದುಹೋಯಿತು. ಮಾರನೆಯ ದಿನ ಇನ್ನೊಂದು ಕೋಡ್ ಬಂತು, ಅದೂ ಹಾಗೇ ಸತ್ತಿತು. ಅದರ ಮಾರನೆಯ ದಿನ ಇನ್ನೊಂದು. ಅಷ್ಟೂ ಕೋಡುಗಳನ್ನು ಇವರು ಅಳಿಸದೆ ಇಟ್ಟುಕೊಂಡಿದ್ದರು. ಯಾಕೆ ಅಂದರೆ, ಇರಲಿ ಬಿಡೇ ಅನ್ನುತ್ತಿದ್ದರು.

ಕೊನೆಗೆ ಇವರೇ ಕಂಪನಿಗೆ ಫೋನ್ ಮಾಡಿದರು. ತುಂಬ ಹೊತ್ತು ಸಂಗೀತ ಕೇಳಿಸಿ ಒಬ್ಬಳು ಹುಡುಗಿ ಸಿಕ್ಕಳು. ಫೋನನ್ನು ಟೇಬಲ್ ಮೇಲಿಟ್ಟು ಇಬ್ಬರಿಗೂ ಕೇಳುವ ಹಾಗೆ ಮಾಡಿದೆ.

“ಮನೆಯವರು ಅಂದ್ರೆ ಯಾರಮ್ಮಾ, ನಿಮ್ಮ ಪ್ರಕಾರ?” ಇವರ ಮೊದಲ ಪ್ರಶ್ನೆಯೇ ಅದು.

“ನಿಮ್ಜೊತೆ ಒಂದೇ ಮನೇಲಿ ವಾಸ ಮಾಡೋರು ಸರ್.”

“ನನ್ನ ತಮ್ಮ ಈ ಮನೇಲೇ ಹುಟ್ಟಿದ್ದು.”

“ಈಗ ಎಲ್ಲಿದಾರೆ ಸರ್?”

“ಈಗ ಬೇರೆ ಕಡೆ.”

“ಹಾಗಾದ್ರೆ ಮನೆಯವರಲ್ಲ ಸರ್.”

ನನಗೆ ಆ ಹುಡುಗಿಯ ಮೇಲೆ ಕೋಪ ಬಂತು. ಅವಳ ತಪ್ಪಲ್ಲ, ಆದರೂ ಬಂತು. “ಅದು ನಿಮ್ಗೆ ಹೇಗಮ್ಮಾ ಗೊತ್ತಾಗುತ್ತೆ, ಯಾರು ಎಲ್ಲಿ ಮಲಗ್ತಾರೆ ಅಂತ?” ಎಂದೆ.

“ಒಂದೇ ವೈಫೈಯಲ್ಲಿ ಇದ್ರೆ ಒಂದೇ ಮನೆಯವರು ಅಂತ ಸಿಸ್ಟಮ್ ತಗೊಳ್ಳುತ್ತೆ ಮೇಡಮ್.”

“ನಮ್ಮ ಮೇಲ್ಗಡೆ ಬಾಡಿಗೆಯವನು ನಮ್ಮ ವೈಫೈನೇ ಉಪಯೋಗಿಸ್ತಾನೆ. ಅವನು ನಮ್ಮನೆಯವನಾ?”

ಆ ಕಡೆ ಕೀಬೋರ್ಡಿನ ಮೇಲೆ ಬೆರಳು ಆಡಿಸುವ ಸದ್ದು. “ಸಿಸ್ಟಮ್ ಪ್ರಕಾರ ಹೌದು ಮೇಡಮ್.”

“ಅವನ ಮುಖಾನೇ ನಾನು ಸರಿಯಾಗಿ ನೋಡಿಲ್ವಲ್ಲಮ್ಮಾ” ಎಂದರು ಇವರು, ನಿಜಕ್ಕೂ ದಿಕ್ಕು ತೋಚದವರಂತೆ.

ಹುಡುಗಿ ಒಳ್ಳೆಯವಳು. ದನಿ ತಗ್ಗಿಸಿ ವಿವರಿಸಿದಳು. ಒಬ್ಬರು ಖಾತೆ ತೆರೆದು ಊರಿಗೆಲ್ಲ ಪಾಸ್‌ವರ್ಡ್ ಹಂಚುತ್ತಾರಂತೆ, ಕಂಪನಿ ನಷ್ಟದಲ್ಲಿದೆಯಂತೆ, ಅವಳ ಸುತ್ತಮುತ್ತ ಇದ್ದ ಕುರ್ಚಿಗಳಲ್ಲಿ ಅರ್ಧ ಈಗ ಖಾಲಿಯಂತೆ. ಇವರು ಪಾಪ ಪಾಪ ಅಂದರು. ಕೀಲಿ ಮಾಡಿಸುವವರು ಕಮ್ಮಿಯಾಗುತ್ತಿರುವುದು ನೆನಪಾಯಿತೋ ಏನೋ, “ನಿನ್ನ ಕುರ್ಚಿ ಗಟ್ಟಿಯಾಗಿರ್ಲಮ್ಮಾ” ಅಂತ ಹಾರೈಸಿದರು. ಅವಳು ಮೆತ್ತಗಾದಳು. “ಸರ್, ನಾನು ಹೇಳಿದೆ ಅನ್ಬೇಡಿ. ಅವರ ಟೀವಿ ತಿಂಗಳಿಗೊಂದ್ಸಲ ನಿಮ್ಮನೆ ವೈಫೈಗೆ ಸೇರಿದ್ರೆ ಸಾಕು, ಸಿಸ್ಟಮ್ ಏನೂ ಕೇಳಲ್ಲ.”

“ಟೀವಿ ಹೇಗಮ್ಮಾ ಬರುತ್ತೆ?” ಅಂದರು ಇವರು. ನನಗೆ ಆಗಲೇ ತಲೆಯಲ್ಲಿ ದೀಪ ಹತ್ತಿಕೊಂಡಿತ್ತು. ಮೈದುನನ ಅತ್ತೆಯ ಮನೆಯದು ಹಳೇ ಟೀವಿ, ಅದಕ್ಕೆ ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡ ಡಬ್ಬಿ ಸಿಕ್ಕಿಸಿ ಆ್ಯಪ್ ನೋಡುತ್ತಾರೆ ಅಂತ ಕೋಡ್ ಕೇಳುವಾಗ ಆಕೆಯೇ ಹೇಳಿದ್ದರು. ಟೀವಿ ಬರುವುದು ಬೇಡ, ಡಬ್ಬಿ ಬಂದರಾಯಿತು. ಇವರು ಸ್ನಾನಕ್ಕೆ ಹೋದಾಗ ನಾನು ಅತ್ತೆಗೆ ಫೋನ್ ಮಾಡಿ ಎಲ್ಲ ಬಿಡಿಸಿ ಹೇಳಿದೆ. ಆಕೆ, “ಡಬ್ಬಿನೂ ಬರುತ್ತೆ, ತರೋನೂ ಬರ್ತಾನೆ, ನೀನು ಸುಮ್ನಿರು” ಅಂದರು. ಅಳಿಯನನ್ನು ಹೇಗೆ ಹೊರಡಿಸಿದರೋ ದೇವರಿಗೇ ಗೊತ್ತು. ಆಕೆಗೆ ಆ ಫೈನಲ್ ನೋಡಲೇಬೇಕಿತ್ತು.

ಭಾನುವಾರ ಬೆಲ್ ಆಯಿತು. ಇವರೇ ಬಾಗಿಲು ತೆಗೆದರು. ಮೈದುನ ನಿಂತಿದ್ದ, ಕೈಯಲ್ಲಿ ಬಟ್ಟೆ ಚೀಲ. ಸ್ವಲ್ಪ ಹೊಟ್ಟೆ ಬಂದಿತ್ತು, ಕನ್ನಡಕ ಬಂದಿತ್ತು. ಇಬ್ಬರೂ ಒಬ್ಬರ ಭುಜವನ್ನೊಬ್ಬರು ನೋಡಿಕೊಂಡು ನಿಂತರು. ಈಗ ಅಪ್ಪಿಕೊಳ್ಳುತ್ತಾರೆ ಅಂದುಕೊಂಡೆ. ನಮ್ಮವರು ಗಂಟಲು ಸರಿಮಾಡಿಕೊಂಡು ಅಂಗಡಿಯಲ್ಲಿ ಗಿರಾಕಿಗೆ ಕೇಳುವ ಹಾಗೆ ಕೇಳಿದರು, “ಯಾರ ಟೀವೀದು?”

“ನಮ್ಮತ್ತೇದು.”

“ತಂದಿದೀಯಾ?”

ಅವನು ಚೀಲದಿಂದ ಡಬ್ಬಿ ತೆಗೆದು ಅಂಗೈ ಮೇಲಿಟ್ಟು ತೋರಿಸಿದ. ಇವರು ಅದನ್ನು ತಿರುಗಿಸಿ ಮುರುಗಿಸಿ, ಹಿಂದೆ ಮುಂದೆ ನೋಡಿ, ಸರಿ ಒಳಗೆ ಬಾ ಅಂದರು. ಇಂಥವರನ್ನು ಏನು ಮಾಡಬೇಕು ಹೇಳಿ! ಮೈದುನ ಚಪ್ಪಲಿ ಬಿಡುವ ಜಾಗದ ಪಕ್ಕದ ಸ್ಟೂಲಿನ ಮೇಲೆ ಅರ್ಧ ಕೂತ. ಕಿತ್ತಿದ್ದ ಪ್ಲಗ್ ಮತ್ತೆ ಹಾಕಿದ್ದಾಯಿತು, ಡಬ್ಬಿ ನಮ್ಮ ಟೀವಿಗೆ ಸಿಕ್ಕಿಸಿದ್ದಾಯಿತು, ವೈಫೈಗೆ ಸೇರಿಸಿದ್ದಾಯಿತು. ಕಾಫಿ ಕೊಟ್ಟೆ, ಕುಡಿದ. ಸಿಗ್ನಲ್ ಬಂತಾ, ಬಂತು. ಅಷ್ಟೇ ಮಾತು. ಹೊರಡುವಾಗ “ಬರ್ತೀನಿ ಅತ್ತಿಗೆ” ಅಂದ, ನನಗೆ ಮಾತ್ರ. ಅವನು ಹೋದ ಮೇಲೆ ನಾನು ಒಳಗೆ ಹೋಗಿ ಕಣ್ಣೀರು ಹಾಕಿದೆ. ಖುಷಿಗೋ ದುಃಖಕ್ಕೋ ಅಂತ ಕೇಳಿದರೆ ಹೇಳಲಾರೆ.

ಆದರೆ ಸಿಸ್ಟಮ್ ತಿಂಗಳಿಗೊಂದು ಸಲ ಅಂದಿತ್ತಲ್ಲ. ಮುಂದಿನ ತಿಂಗಳೂ ಬಂದ. ಅದರ ಮುಂದಿನ ತಿಂಗಳೂ ಬಂದ. ಸ್ಟೂಲಿನಿಂದ ಕುರ್ಚಿಗೆ ಬಂದ, ಕಾಫಿಯಿಂದ ಊಟಕ್ಕೆ ಬಂದ. ಮಾತು ಮಾತ್ರ ಸಿಗ್ನಲ್ ದಾಟಲಿಲ್ಲ. ಒಂದು ಸಲ ನಮ್ಮವರು ತಡೆಯಲಾರದೆ, ಗೋಡೆ ನೋಡುತ್ತ ಕೇಳಿಯೇಬಿಟ್ಟರು.

“ಬೇಕರಿ ಗೀಕರಿ ಇಡೋ ಯೋಚನೆ ಇದ್ಯಾ?”

“ಯಾರಿಗೆ? ನಂಗಾ? ಯಾಕೆ?”

“ಕೇಕ್ ನೋಡ್ತಿದ್ಯಲ್ಲ.”

“ಅಯ್ಯೋ, ಅದು ಅತ್ತೆ ಕಣಣ್ಣ. ಈ ಆ್ಯಪು ಅವರದೇ ಈಗ. ನಂಗೆಲ್ಲಿ ಟೈಮು?”

ಇವರ ಮುಖ ನೋಡಬೇಕಿತ್ತು. “ನಗೆ ನಾಟಕ?”

“ಅತ್ತೆ.”

“ಮೊಸಳೆ?” ದನಿಯೇ ಸಣ್ಣದಾಗಿತ್ತು.

“ಮೊಸಳೆನೂ ಅತ್ತೆನೇ. ನಾನು ಅಲ್ಲಿಗೆ ಹೋದ್ಮೇಲೆ ಒಂದಿನಾನೂ ನೋಡಿಲ್ಲ.”

ಇಷ್ಟು ಕಾಲ ತಮ್ಮ ನಕ್ಕ, ತಮ್ಮ ಬೇಜಾರಾದ, ತಮ್ಮ ಹುಷಾರಾದ ಅಂತ ಇವರು ಲೆಕ್ಕ ಹಾಕಿದ್ದೆಲ್ಲ ಒಬ್ಬ ಮುದುಕಿಯದು. ನಾನು ಸೆರಗು ಬಾಯಿಗೆ ಹಿಡಿದುಕೊಂಡು ನಕ್ಕೆ. ಇವರು ನಗಲಿಲ್ಲ. ಹಾಗಾದರೆ ಇವನು ಅಷ್ಟೂ ದಿನ ಹೇಗಿದ್ದನೋ ಅಂತ ಈಗ ಹೊಸದಾಗಿ ಯೋಚನೆಗೆ ಬಿದ್ದರು. ಆದರೆ ಅವತ್ತು ಅವನು ನಮ್ಮವರನ್ನು ಅಣ್ಣ ಅಂದಿದ್ದ. ಇವರು ಅದನ್ನು ಗಮನಿಸಿದರೋ ಇಲ್ಲವೋ ನನಗೆ ತಿಳಿಯಲಿಲ್ಲ.

ಒಂದು ದಿನ ಬೆಳಿಗ್ಗೆ ಟೀವಿ ಹಾಕಿದರೆ ಮತ್ತೆ ಕಪ್ಪು ಪರದೆ. ಪ್ರಶ್ನೆ ಇಲ್ಲ, ಗುಂಡಿ ಇಲ್ಲ. ಇಷ್ಟು ದಿನ ನಮ್ಮ ಜೊತೆಗಿದ್ದದ್ದಕ್ಕೆ ಧನ್ಯವಾದ, ನಮ್ಮ ಸೇವೆ ನಿಂತಿದೆ ಅಂತ ಎರಡು ಸಾಲು. ನಷ್ಟ ತಡೆಯಲಾರದೆ ಬಾಗಿಲು ಹಾಕಿದ್ದಾರೆ, ಇರುವ ಸಿನಿಮಾಗಳನ್ನೆಲ್ಲ ಇನ್ನೊಂದು ದೊಡ್ಡ ಕಂಪನಿಗೆ ಮಾರಿದ್ದಾರೆ ಅಂತ ಮೇಲಿನ ಬಾಡಿಗೆಯವನು ಹೇಳಿದ. ಊರಿಗೆಲ್ಲ ನೀವು ಯಾರ ಮನೆಯವರು ಅಂತ ಕೇಳುತ್ತಿದ್ದವರಿಗೆ ಕೊನೆಗೆ ಮನೆಯೇ ಇಲ್ಲದಂತಾಯಿತು. ನಮ್ಮವರು ಎರಡೂ ಸಾಕ್ಸ್ ಕೈಯಲ್ಲಿ ಹಿಡಿದುಕೊಂಡು ಕೂತೇ ಇದ್ದರು.

“ಆ ಹುಡುಗಿ ಕುರ್ಚಿನೂ ಹೋಯ್ತೇನೇ?” ಅಂದರು ಮೊದಲು. ಆಮೇಲೆ, “ಇನ್ನು ಅವನು ಯಾಕೆ ಬರ್ತಾನೆ?”

“ಬಾ ಅಂತ ಹೇಳಿದ್ರೆ ಬರ್ತಾನ್ರೀ. ಅವತ್ತು ಹಾಗಂದಿದ್ದು ತಪ್ಪಾಯ್ತು ಕಣೋ ಅನ್ನಿ, ಮುಗೀತು.”

“ತಪ್ಪು ಅವನದಲ್ವಾ?”

“ಅವನದೇ. ಆದ್ರೆ ಮಾತು ನಿಮ್ದು.”

ಇವರು ಎದ್ದು ಅಂಗಡಿಗೆ ಹೋದರು. ಆ ವಾರವೆಲ್ಲ ಮಂಕಾಗಿದ್ದರು. ಕೇಳಿದ್ದಕ್ಕೆ ಇನ್ನೊಂದು ಹೇಳುವುದು, ತಟ್ಟೆ ಮುಂದೆ ಕೂತು ಉಣ್ಣದೆಯೇ ಕೈ ತೊಳೆಯಲು ಏಳುವುದು. ಶನಿವಾರ ಅಂಗಿ ಒಗೆಯಲು ತೆಗೆದಾಗ ಜೇಬಿನಲ್ಲಿ ಒಂದು ಹೊಸ ಕೀಲಿ ಸಿಕ್ಕಿತು. ಯಾರದ್ರೀ ಅಂದರೆ, ಅಲ್ಲೇ ಇರ್ಲಿ ಬಿಡು ಅಂತ ಕಸಿದುಕೊಂಡರು.

ಭಾನುವಾರ ಬಂತು. ಅವನು ಬರುವ ಹೊತ್ತೂ ಬಂತು. ಆ್ಯಪ್ ಸತ್ತಿದ್ದು ಅವನಿಗೆ ಗೊತ್ತಿರದೆ ಇರುತ್ತದೆಯೇ? ಅತ್ತೆ ಇಡೀ ಬೀದಿಗೇ ಹೇಳಿ ಗೋಳಾಡಿರುತ್ತಾರೆ. ನಾನು ಬಾಗಿಲ ಕಡೆ ನೋಡಬಾರದು ಅಂದುಕೊಂಡು ನೋಡುತ್ತಿದ್ದೆ. ಇವರು ನೋಡುತ್ತಲೇ ಇದ್ದರು. ಬೆಲ್ ಆಯಿತು.

ಮೈದುನ. ಕೈಯಲ್ಲಿ ಅದೇ ಬಟ್ಟೆ ಚೀಲ. ಕುರ್ಚಿಯಲ್ಲಿ ಕೂತು, ಚೀಲದಿಂದ ಅದೇ ಡಬ್ಬಿ ತೆಗೆದು, ಏನೂ ಆಗಿಲ್ಲವೆಂಬಂತೆ ಟೀವಿಗೆ ಸಿಕ್ಕಿಸಿದ. ಪರದೆಯ ಮೇಲೆ ಅವೇ ಎರಡು ಸಾಲು ಬಂದವು. ಇಬ್ಬರೂ ಅದನ್ನು ಓದಿದರು. ಅವನಿಗೆ ಗೊತ್ತಿದೆಯೋ ಇಲ್ಲವೋ, ಇವರಿಗೆ ಗೊತ್ತಿದೆ ಅಂತ ಅವನಿಗೆ ಗೊತ್ತಿದೆಯೋ ಇಲ್ಲವೋ, ನನ್ನ ತಲೆ ಗಿರ್ ಅನ್ನತೊಡಗಿತು.

“ಸಿಗ್ನಲ್ ಕಮ್ಮಿ ಇರ್ಬೇಕು” ಎಂದರು ನಮ್ಮವರು. ಜೀವಮಾನದಲ್ಲಿ ಅವರ ಬಾಯಿಂದ ನಾನು ಕೇಳಿದ ಮೊದಲ ಸುಳ್ಳು.

“ಹ್ಞೂಂ. ಸ್ವಲ್ಪ ಹೊತ್ತು ಕಾಯೋಣ” ಎಂದ ಅವನು.

ಕಾದರು. ಬರಲಾರದ ಸಿಗ್ನಲ್ಲಿಗೆ ಅಣ್ಣತಮ್ಮ ಇಬ್ಬರೂ ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಕೂತು ಕಾದರು. ಕಾಫಿ ಆಯಿತು, ಊಟ ಆಯಿತು. ಅವನು ಕೈ ಒರೆಸಿಕೊಂಡು ಡಬ್ಬಿ ಬಿಚ್ಚಲು ಹೋದಾಗ ಇವರು ಜೇಬಿನಿಂದ ಆ ಹೊಸ ಕೀಲಿ ತೆಗೆದರು.

“ಈ ಕೀಲಿ ಒಂಚೂರು ನೋಡು. ನಮ್ಮ ಮುಂಬಾಗ್ಲದ್ದು. ಬಿಗಿಯಾಗಿದೆ ಅನ್ಸುತ್ತೆ.”

ಮೈದುನ ಎದ್ದುಹೋಗಿ ಬಾಗಿಲ ಬೀಗಕ್ಕೆ ಹಾಕಿ ತಿರುಗಿಸಿದ. ತಿರುಗಲಿಲ್ಲ. ಹೊರಗೆ ತೆಗೆದು ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಅದರ ಹಲ್ಲುಗಳನ್ನು ನೋಡಿದ. “ಅಣ್ಣ, ಈ ಮೂರನೇ ಹಲ್ಲು ಎತ್ತರ ಬಿಟ್ಟಿದೀಯಲ್ಲ” ಅಂದ. ಅವನ ದನಿಯಲ್ಲಿ ಆಶ್ಚರ್ಯವಿತ್ತು. ಇರಲೇಬೇಕು. ನಮ್ಮವರ ಕೈಯಿಂದ ತಿರುಗದ ಕೀಲಿ ಹೊರಗೆ ಬಂದದ್ದನ್ನು ನಾನೂ ಕಂಡಿಲ್ಲ, ಅವನೂ ಕಂಡಿಲ್ಲ. “ಅರ ಇದ್ಯಾ?”

ಇವರು ಒಳಗೆ ಹೋಗಿ ಹಳೇ ಅರ ತಂದು ಕೊಟ್ಟರು. ಮರದ ಹಿಡಿಯ ಅರ. ಅವನು ಅಂಗಡಿಯಲ್ಲಿ ಬಿಟ್ಟು ಹೋಗಿದ್ದದ್ದು. ಮೈದುನ ಅದನ್ನು ಗುರುತಿಸಿದ. ಹಿಡಿಯ ಮೇಲೆ ಹೆಬ್ಬೆರಳನ್ನು ಒಮ್ಮೆ ಆಡಿಸಿದ. ಹೊಸ್ತಿಲ ಮೇಲೆ ಕೂತು ಕೀಲಿಯನ್ನು ಮೊಣಕಾಲಿಗೆ ಆನಿಸಿ, ಎರಡು ಸಲ ಉಜ್ಜಿದ, ಊದಿದ, ಇನ್ನೊಂದು ಸಲ ಉಜ್ಜಿದ. ಹಿತ್ತಾಳೆ ಪುಡಿ ಅವನ ಭಾನುವಾರದ ಪ್ಯಾಂಟಿನ ಮೇಲೆ ಬಿತ್ತು. ಎದ್ದು ಬೀಗಕ್ಕೆ ಹಾಕಿದ. ತಿರುಗಿತು.

“ಈಗ ಸರಿಯಾಯ್ತು, ತಗೋ” ಅಂತ ಇವರ ಕಡೆ ಚಾಚಿದ.

ನಮ್ಮವರು ಕೈ ಚಾಚಲಿಲ್ಲ. ಟೀವಿ ಕಡೆ ತಿರುಗಿಕೊಂಡು ಅಂದರು, “ನಿನ್ನ ಹತ್ರಾನೇ ಇರ್ಲಿ. ನಮ್ಮನೆಯವ್ರೆಲ್ಲರ ಹತ್ರಾನೂ ಒಂದೊಂದಿದೆ.”

ಮೈದುನ ಕನ್ನಡಕ ತೆಗೆದು ಅಂಗಿಯ ಅಂಚಿಗೆ ಒರೆಸಿದ. ತುಂಬ ಹೊತ್ತು ಒರೆಸಿದ. ಆಮೇಲೆ ಕೀಲಿಯನ್ನು ಚೀಲಕ್ಕೆ ಹಾಕಿದ, ಏನೋ ನೆನಪಾಗಿ ಮತ್ತೆ ತೆಗೆದು ಎದೆಯ ಜೇಬಿಗೆ ಹಾಕಿಕೊಂಡ. ಅವನು ಹೋದ ಮೇಲೆ ನಾನು ಇವರನ್ನು ಕೇಳಿದೆ, ಆ ಹಲ್ಲನ್ನು ಬೇಕಂತಲೇ ಎತ್ತರ ಬಿಟ್ಟಿರಾ ಅಂತ. “ಯಂತ್ರ ಹಳೇದಾಯ್ತು ಕಣೇ” ಅಂದರು. ಇದು ಅವರ ಎರಡನೇ ಸುಳ್ಳೋ ಅಥವಾ ನಿಜವಾಗಿ ಯಂತ್ರವೇ ಕೆಟ್ಟಿದೆಯೋ, ಇವತ್ತಿಗೂ ನನಗೆ ಗೊತ್ತಿಲ್ಲ. ಆ ಯಂತ್ರದಲ್ಲೇ ಇನ್ನೂ ಕೀಲಿ ಮಾಡುತ್ತಿದ್ದಾರೆ, ಕೀಲಿ ತಿರುಗಲಿಲ್ಲ ಅಂತ ಯಾವ ಗಿರಾಕಿಯೂ ವಾಪಸ್ ಬಂದಿಲ್ಲ.

ಮುಂದಿನ ತಿಂಗಳು ಬೆಲ್ ಆದಾಗ ಇವರು ಸಾಕ್ಸ್ ಬಿಚ್ಚುತ್ತಿದ್ದರು, ನಾನು ಹಿಟ್ಟು ಕಲಸುತ್ತಿದ್ದೆ.

“ಯಾರು?” ಕೂತಲ್ಲಿಂದಲೇ ಕೂಗಿದರು.

“ನಾನು.”

“ಕೀಲಿ ಇದ್ಯಲ್ಲೋ, ಬಾಗ್ಲು ತೆಕ್ಕೊಂಡು ಬಾ.”

ಆಮೇಲೆ ಬೀಗ ತಿರುಗಿದ ಸದ್ದಾಯಿತು.